ಒಣಗದ ಸಂಡಿಗೆ

ತೊಂಬತ್ತರ ದಶಕದ ಒಂದು ಬೇಸಿಗೆ. ಯಾವ ವರ್ಷ ಎಂದು ಹೇಳಹೊರಟರೆ ಸುಳ್ಳಾಗುತ್ತದೆ. ತಂಗಿಯ ಲಗ್ನಕ್ಕೆಂದು ಮುಂಬೈಯಿಂದ ಮಸ್ಕಿಗೆ ಬಂದಿದ್ದೆ. ಜೊತೆಗೆ ಮರುಭೂಮಿಯ ನಗರವೊಂದಕ್ಕೆ ನಾನು ಬರೆಯುತ್ತಿದ್ದ ಆಫೀಸು ಗೋಪುರದ ನಕ್ಷೆಗಳೂ ಬಂದಿದ್ದವು. ನಮ್ಮ ಕಚೇರಿಯ ಹಿರಿಯರಿಗೆ ಸುತ್ತಲೂ ಬರೀ ಗಾಜು ಬೇಕಿತ್ತು. ನನಗೆ ಪ್ರತಿ ಮಹಡಿಗೂ ಬಿಸಿಲು ತಡೆಯುವ, ಸಜ್ಜದಂಥ ಚಾಚು ಬೇಕಿತ್ತು. ಸೋಮವಾರದೊಳಗೆ ಅದು ಕೆಲಸ ಮಾಡುತ್ತದೆಂದು ತೋರಿಸದಿದ್ದರೆ ಗಾಜೇ ಖಾಯಂ ಎಂದಿದ್ದರು.

ಸಿಂಧನೂರಿನಿಂದ ರಟ್ಟು ತಂದು ಸೊಂಟದೆತ್ತರದ ಮಾದರಿ ಮಾಡಿ ಮಾಳಿಗೆಯ ಮೇಲೆ ನಿಲ್ಲಿಸಿದೆ. ಆ ನಗರ ನಮಗಿಂತ ಉತ್ತರಕ್ಕಿದೆ, ಅಲ್ಲಿ ಸೂರ್ಯ ದಕ್ಷಿಣಕ್ಕೆ ಇನ್ನಷ್ಟು ವಾಲುತ್ತಾನೆ. ಅದಕ್ಕೇ ಮಾದರಿಯ ದಕ್ಷಿಣದ ಅಂಚಿಗೆ ಇಟ್ಟಿಗೆ ಕೊಟ್ಟು ಎತ್ತಿದ್ದೆ. ಇನ್ನು ನೆರಳು ಅಳೆಯಬೇಕು ಎನ್ನುವಾಗ ಅಪ್ಪ ಲಗ್ನಪತ್ರಿಕೆ ಕೊಟ್ಟು ಬಾ ಎಂದು ಲಿಂಗಸುಗೂರಿಗೆ ಅಟ್ಟಿದರು.

ಸಂಜೆ ಬಂದು ನೋಡಿದರೆ ಮಾಳಿಗೆಯ ಮೇಲೆ ಚಿಗವ್ವ, ನಮ್ಮವ್ವನ ತಂಗಿ.

“ಕಾಗಿ ಮುಟ್ಟಬಾರದಂತ ಸಂಡಿಗಿ ನಿನ್ನ ಆಫೀಸಿನಾಗ ಇಟ್ಟಿದ್ದೆ. ಈ ಕಡೀವು ಒಂದೂ ಒಣಗಿಲ್ಲ. ಎಂಥಾ ಮನಿ ಕಟ್ಟೀಯಲೇ?”

“ಒಣಗಬಾರದು, ಚಿಗವ್ವ.”

“ಲಗ್ನದಾಗ ಬೀಗರಿಗೆ ಹಸಿ ಸಂಡಿಗಿ ಬಡಸೂಣೇನು?”

ನಾನು ಒಂದೊಂದೇ ಮಹಡಿಗೆ ಕೈ ಹಾಕಿದೆ. ದಕ್ಷಿಣದವು ಅಂಟು ಅಂಟು. ಚಾಚು ಬಿಸಿಲು ತಡೆದಿತ್ತು. ಅವಳನ್ನು ಎತ್ತಿಕೊಂಡು ಕುಣಿದೆನೆಂದು ತಂಗಿ ಈಗಲೂ ಹೇಳುತ್ತಾಳೆ. ನಂಬಿಕೆಯಿಲ್ಲ, ಚಿಗವ್ವ ಅಷ್ಟು ಹಗುರವಿರಲಿಲ್ಲ. ಅಷ್ಟರಲ್ಲಿ ಪಶ್ಚಿಮದ ಸಾಲು ಕೈಗೆ ಸಿಕ್ಕಿತು. ಗರಿಗರಿ ಒಣಗಿದ್ದವು. ಇಳಿಬಿಸಿಲು ಚಾಚಿನ ಕೆಳಗಿನಿಂದಲೇ ಒಳಗೆ ನುಗ್ಗಿತ್ತು.

“ಇವು ಚಲೋ ಅದಾವ ನೋಡು,” ಎಂದಳು ಚಿಗವ್ವ.

ಮರುದಿನ ಪಶ್ಚಿಮಕ್ಕೆ ರಟ್ಟಿನ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ, ತುಸು ಪಕ್ಕಕ್ಕೆ ತಿರುಗಿಸಿ ಅಂಟಿಸಿದೆ. ಇನ್ನೊಂದು ದಿನ ಸಂಡಿಗೆ ಇಡು ಎಂದು ಗೋಗರೆದೆ. ಬೈಯುತ್ತಲೇ ಇಟ್ಟಳು. ಸಂಜೆಗೆ ಪಶ್ಚಿಮದವೂ ಹಸಿ.

ಸೋಮವಾರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಹಿರಿಯರಿಗೆ ಫೋನು ಮಾಡಿದೆ. ಹೇಗೆ ಅಳೆದೆ ಎಂದು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಅವರು ನಕ್ಕರೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬಸ್ಸಿನ ಹಾರನ್ನಿನ ನಡುವೆ ನನಗೆ ಕೇಳಿಸಿದ್ದು ಒಂದೇ ಮಾತು: ಚಾಚು ಇರಲಿ, ಮುಂದುವರಿಸು.

ಮನೆಗೆ ಓಡಿದೆ. ಚಿಗವ್ವ ಹಸಿ ಸಂಡಿಗೆಗಳನ್ನು ಗೋಪುರದಿಂದ ತೆಗೆದು ಬಿಸಿಲಿಗೆ ಹರವುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಮಗುಚಿ ಹಾಕತೊಡಗಿದೆ.