ಎಳ್ಳು ಬೆಲ್ಲ ತಿಂದ ಮೇಲೆ

ಮೊಮ್ಮಗಳ ವಿಷಯ ಯಾರಾದರೂ ಎತ್ತಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಉಷಾಳ ಬಗ್ಗೆ ಬರೆ ಎಂದರೆ ಪುಸ್ತಕವನ್ನೇ ತುಂಬಿಸಿಯೇನು. ಚಾಮರಾಜಪೇಟೆಯ ನಮ್ಮ ಬೀದಿಯ ಜನ ಮಾತ್ರ ಅವಳ ಹೆಸರು ಬಂದರೆ "ಪಾಪ" ಎಂದು ಸುಮ್ಮನಾಗುತ್ತಾರೆ. ನನ್ನ ಹಿಗ್ಗೆಲ್ಲ ಆ ಒಂದು ಮಾತಿಗೆ ಬಾಡಿಹೋಗುತ್ತದೆ.

ಉಷಾಳಿಗೆ ಒಂಬತ್ತು ವರ್ಷ. ಮುಖ ನೋಡಿ ಮಾತಾಡುವುದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾಳೆ. ಸಂಕ್ರಾಂತಿಗೆಂದು ನಾನು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿಟ್ಟರೆ, ಕೂತು ಮತ್ತೆ ಎಲ್ಲವನ್ನೂ ಬೇರೆ ಮಾಡಿ ಗುಡ್ಡೆ ಹಾಕುತ್ತಾಳೆ. ಅಷ್ಟು ಶ್ರದ್ಧೆ ನನಗೆ ದೇವರ ಮುಂದೆಯೂ ಬಂದದ್ದಿಲ್ಲ. ಯಾರು ಏನೆಂದರೂ ಅಂದದ್ದನ್ನು ಅಂದ ಹಾಗೇ ನಂಬುತ್ತಾಳೆ. ಒಮ್ಮೆ ನೆಂಟರ ಮನೆಯಿಂದ ಹೊರಟು ನಿಂತಾಗ ಅವರು "ಊಟ ಮಾಡ್ಕೊಂಡು ಹೋಗಿ" ಎಂದರು. ಒಲೆ ಆರಿಸಿದ ಮೇಲೆ ಹೇಳುವ ಮಾತು ಅದು. ಉಷಾ ಕೈ ತೊಳೆದು ಬಂದು ಕೂತೇಬಿಟ್ಟಳು.

ದೊಡ್ಡ ಡಾಕ್ಟರರಿಗೆ ತೋರಿಸಿದೆವು. ಹೊರದೇಶದಲ್ಲಿ ಇದಕ್ಕೊಂದು ಹೆಸರಿದೆಯಂತೆ. ನನಗೆ ನಾಲಿಗೆ ಹೊರಳಲಿಲ್ಲ. "ಕಾಯಿಲೆ ಅಲ್ಲಮ್ಮ. ಮಗು ಇರೋದೇ ಹೀಗೆ. ನೀವೇ ತಿಳ್ಕೊಂಡು ನಡೀಬೇಕು" ಎಂದರು. ಕಾಯಿಲೆಯಲ್ಲವಲ್ಲ ಎಂದು ನಾನು ಹಿಗ್ಗಿದೆ. ಕಾಯಿಲೆಯಲ್ಲದ ಮೇಲೆ ಮದ್ದೂ ಇಲ್ಲವಲ್ಲ ಎಂದು ನನ್ನ ಮಗಳು ಸಾವಿತ್ರಿ ದಾರಿಯುದ್ದಕ್ಕೂ ಅತ್ತಳು.

ಈ ಸಂಕ್ರಾಂತಿಗೆ ತಾಯಿ ಮಗಳು ಎಳ್ಳು ಬೀರಲು ಹೊರಟರು. ಎದುರು ಮನೆಯೇ ಮೊದಲು. ನಾನು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಉಷಾ ಪೊಟ್ಟಣ ಕೊಟ್ಟು, ಅಮ್ಮ ಹೇಳಿಕೊಟ್ಟಂತೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದಳು. ಆ ಮನೆಯ ಪಾರ್ವತಮ್ಮ ಚಿಟಿಕೆ ಬಾಯಿಗೆ ಹಾಕಿಕೊಂಡು ಸಾವಿತ್ರಿಯ ಕಡೆ ತಿರುಗಿದರು.

"ಇದು ಇನ್ನೂ ಹೀಗೇ ಇದ್ಯಲ್ಲೇ. ನಾಳೆ ಯಾರು ಮದುವೆ ಆಗ್ತಾರೆ?"

ಉಷಾ ಅವರ ಕೈಯಿಂದ ಪೊಟ್ಟಣ ವಾಪಸ್ಸು ತೆಗೆದುಕೊಂಡಳು. "ನೀವು ತಿಂದ್ರಿ. ಒಳ್ಳೆ ಮಾತಾಡ್ಲಿಲ್ಲ."

ಸಾವಿತ್ರಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ತಟ್ಟೆ ಕುಕ್ಕಿ, "ಇನ್ಮೇಲೆ ಇವಳನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲಮ್ಮ. ಮನೇಲೇ ಬಿದ್ದಿರ್ಲಿ" ಎಂದು ನೆಲದ ಮೇಲೆ ಕುಸಿದಳು. ನನಗೆ ಉಕ್ಕಿದ್ದ ನಗು ಇಂಗಿಹೋಯಿತು. ಇಂದು ಮುಚ್ಚಿದ ಬಾಗಿಲು ಈ ಮಗುವಿಗೆ ಮತ್ತೆ ಯಾವಾಗ ತೆರೆದೀತು?

ಉಷಾ ಗೋಡೆ ನೋಡುತ್ತಾ ಅಮ್ಮನನ್ನು ಕೇಳಿದಳು: "ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

"ಅದು ಬಾಯ್ಮಾತು ಕಣೇ. ಎಲ್ಲರೂ ಸುಮ್ನೆ ಹಾಗನ್ತಾರೆ."

"ಯಾವ್ದು ಬಾಯ್ಮಾತು, ಯಾವ್ದು ನಿಜ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಸಾವಿತ್ರಿ ಮಗಳನ್ನು ನೋಡಿದಳು, ಮೊದಲ ಸಲ ನೋಡುವವಳ ಹಾಗೆ. ಆಮೇಲೆ ಕಣ್ಣೊರೆಸಿಕೊಂಡು, "ಗೊತ್ತಾಗ್ದಿದ್ರೆ ನನ್ನ ಸೆರಗು ಎಳಿ. ನಾನು ಹೇಳ್ತೀನಿ" ಎಂದಳು.

"ಹಾಗಾದ್ರೆ ನಾನೂ ಬರ್ಬೇಕು."

"ಬಾ."

ಉಳಿದ ಮನೆಗಳನ್ನು ಮುಗಿಸಿ ಇಬ್ಬರೂ ಹಿಂತಿರುಗುವಾಗ ದೀಪ ಹಚ್ಚುವ ಹೊತ್ತು. ಸಾವಿತ್ರಿಯ ರೇಷ್ಮೆ ಸೀರೆಯ ಸೆರಗು ಜಗ್ಗಿ ಜಗ್ಗಿ ಮುದ್ದೆಯಾಗಿತ್ತು. ಜನ ನಿಜ ಆಡುವುದು ಎಷ್ಟು ಕಡಿಮೆ ಎಂದು ಈ ವಯಸ್ಸಿನಲ್ಲಿ ನನಗೆ ತಿಳಿಸಿದ್ದು ಆ ಸೆರಗು.