ಸೈಟೇಶನ್ ಎಷ್ಟಾತಪಾ?

ನನಗೆ ರಸಾಯನಶಾಸ್ತ್ರ ಕಲಿಸಿ, ಪಿಎಚ್‌ಡಿ ಮಾಡಿಸಿದ ಸರ್ ನಮ್ಮೂರಿನ ಖಾಸಬಾಗ ಬಡಾವಣೆಯಲ್ಲಿರುತ್ತಾರೆ. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದವು. ರವಿವಾರ ನಾನು ಹೋಗಿ ಕೂತರೆ ಚಹಾಕ್ಕಿಂತ ಮೊದಲು ಅವರ ಪ್ರಶ್ನೆ ಬರುತ್ತಿತ್ತು: "ಸೈಟೇಶನ್ ಎಷ್ಟಾತಪಾ?"

ಅವರು ಕೇಳುತ್ತಿದ್ದದ್ದು ಒಂದೇ ಸಂಶೋಧನಾ ಪೇಪರಿನ ಬಗ್ಗೆ, ಅದನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು. ಖಾನಾಪುರದ ಮಣ್ಣು ನೀರಿನೊಳಗಿನ ಸೀಸವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾವಿಬ್ಬರೂ ಸೇರಿ ಬರೆದದ್ದು. ನಮ್ಮ ಉಳಿದ ಪೇಪರುಗಳನ್ನು ಯಾರೂ ಮೂಸಿ ನೋಡಲಿಲ್ಲ. ಇದೊಂದನ್ನು ಮಾತ್ರ ಎಲ್ಲೆಲ್ಲಿಯವರೋ ತಮ್ಮ ಬರಹಗಳಲ್ಲಿ ಉಲ್ಲೇಖಿಸುತ್ತ ಹೋದರು. ಇಂಥವರೂ ಇದರ ಮೇಲೆ ಕೆಲಸ ಮಾಡಿದ್ದಾರೆ ಎಂಬ ಒಂದು ಸಾಲು, ಕೊನೆಯಲ್ಲಿ ನಮ್ಮ ಹೆಸರು, ಅಷ್ಟೇ.

ನನಗಂತೂ ಈ ಎಣಿಕೆ ಕಂಡರೆ ಮೈ ಉರಿಯುತ್ತದೆ. ನಮ್ಮ ಕಾಲೇಜಿನಲ್ಲಿ ಈಗ ಮನುಷ್ಯನನ್ನು ಅಳೆಯುವುದೇ ಇದರಿಂದ. ನೀ ನನ್ನ ಪೇಪರಿನ ಹೆಸರು ಹಾಕು, ನಾ ನಿನ್ನದು ಹಾಕುತ್ತೇನೆ ಎಂಬ ವ್ಯವಹಾರ ಸ್ಟಾಫ್ ರೂಮಿನಲ್ಲಿ ಹಾಡಹಗಲೇ ನಡೆಯುತ್ತದೆ. ಆದರೆ ಸರ್ ಮುಂದೆ ಕೂತು ಸಂಖ್ಯೆ ಹೇಳುವಾಗ ನನಗೂ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. "ನಮ್ಮ ಮಣ್ಣು ಊರೂರು ಅಡ್ಡ್ಯಾಡಾಕತ್ತೈತಿ ನೋಡು" ಎಂದು ಅವರು ನಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಹೊಸದೊಂದು ಉಲ್ಲೇಖ ಬಂತು. ತೆರೆದು ಓದಿದೆ. ದೂರದ ಯಾರೋ ಖಾನಾಪುರದ ಮಣ್ಣನ್ನೇ ತರಿಸಿಕೊಂಡು, ನಮ್ಮ ಪ್ರಯೋಗವನ್ನು ನಾವು ಬರೆದ ಹಾಗೇ ಮಾಡಿ ನೋಡಿದ್ದರು. ನಾವು ಹೇಳಿದ್ದರ ಅರ್ಧದಷ್ಟು ಸೀಸವೂ ನೀರಿನಿಂದ ಹೋಗಿರಲಿಲ್ಲ. ಮೊದಲು ಬಂದದ್ದು ಸಿಟ್ಟು. ಇವರಿಗೆ ಕೆಲಸ ಬರುವುದಿಲ್ಲ ಎಂದು ಬೈದುಕೊಂಡೆ. ಆಮೇಲೆ ಪ್ರಯೋಗಾಲಯದ ಕಪಾಟಿನಲ್ಲಿ ಬಾಟಲಿಯೊಂದರಲ್ಲಿ ಉಳಿದಿದ್ದ ನಮ್ಮ ಹಳೆಯ ಮಣ್ಣನ್ನು ತೆಗೆದು ಪರೀಕ್ಷಿಸಿದೆ. ಅದರಲ್ಲಿ ಬೂದಿ ಇತ್ತು. ಕಟ್ಟಿಗೆ ಸುಟ್ಟ ಬೂದಿ. ಸೀಸವನ್ನು ಹಿಡಿದದ್ದು ಹೆಚ್ಚಾಗಿ ಅದೇ.

ಆಗ ಆ ಮಣ್ಣು ತರಲು ಹೋದ ದಿನ ಕಣ್ಣಿಗೆ ಕಟ್ಟಿತು. ಸರ್ ಮತ್ತು ನಾನು ಖಾನಾಪುರದಲ್ಲಿ ಗಡಿಗೆ ಸುಡುವ ಒಂದು ಭಟ್ಟಿಗೆ ಹೋಗಿದ್ದೆವು. ಕಾಲೇಜಿನ ಗುರುಗಳು ಬಂದಿದ್ದಾರೆಂದು ಮಾಲೀಕರು ಸರ್ ಕಾಲು ಮುಟ್ಟಿ ನಮಸ್ಕಾರ ಮಾಡಿ ಕುರ್ಚಿ ಹಾಕಿಸಿದರು. ಮಣ್ಣು ಕೇಳಿದಾಗ ಹೊರಗಿನ ಗುಂಡಿಯ ಕಡೆ ಹೋಗದೆ, ಒಳಗೆ ಹಸಿ ಗೋಣಿಚೀಲ ಹೊದಿಸಿಟ್ಟಿದ್ದ ರಾಶಿಯಿಂದ ತುಂಬಿಕೊಟ್ಟರು. "ನಿಮ್ಮಂಥಾ ಗುರುಗಳಿಗೆ ಗುಂಡ್ಯಾಗಿಂದು ಕಚ್ಚಾ ಮಣ್ಣು ಕೊಡಾಕ ಬರತೈತೇನ್ರಿ? ಛಲೋದ ಒಯ್ರಿ" ಎಂದರು. ಗಡಿಗೆಗೆಂದು ಬೂದಿ ಬೆರೆಸಿ ನಾದಿದ ಮಣ್ಣು ಅದು. ಅವರು ತೋರಿಸಿದ ಮರ್ಯಾದೆಯನ್ನು ನಾವು 'ಖಾನಾಪುರದ ನೈಸರ್ಗಿಕ ಮಣ್ಣು' ಎಂದು ಅಚ್ಚು ಹಾಕಿಸಿದ್ದೆವು.

ಮುಂದಿನ ರವಿವಾರ ಸರ್ ಅವರ ಹೆಂಡತಿಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ಅವರನ್ನು ನಾನು ಅಮ್ಮ ಎಂದೇ ಕರೆಯುವುದು. ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಹೇಳಬ್ಯಾಡಪಾ. ವಾರಾ ಪೂರಾ ಅದೊಂದ ಮಾತಿಗೆ ಕಾಯ್ತಾರ. ಅದೂ ಹೋದ್ರ ಅವರ ಕಡೆ ಏನ ಉಳೀತೈತಿ?"

ಸುಮ್ಮನಿದ್ದುಬಿಡೋಣ ಎಂದುಕೊಂಡೇ ಒಳಗೆ ಹೋದೆ.

ಸರ್ ಎಂದಿನಂತೆ ಕೇಳಿದರು. "ಒಂದು ಹೆಚ್ಚಾಗೇತ್ರಿ ಸರ್" ಎಂದೆ.

"ಏನಂತ ಬರದಾರ? ಓದು."

ಏನಾದರೂ ಒಂದು ಸಾಲು ಕಟ್ಟಿ ಹೇಳಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣು ಕಾಣದ ಮನುಷ್ಯನಿಗೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಪೂರಾ ಓದಿದೆ. ಬೂದಿಯ ವಿಷಯವನ್ನೂ ಹೇಳಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನನಗೆ ಅಳು ಬಂತು.

"ಅವರು ಹೇಳೂದು ಖರೇ ಐತೇನು?" ಎಂದು ಸರ್ ಕೇಳಿದರು.

"ಖರೇ ಐತ್ರಿ ಸರ್."

"ಹಂಗಾರ ಬೂದಿ ಸಿಕ್ಕಿದ್ದನ್ನ ಜರ್ನಲ್‌ಗೆ ಬರದ ಕಳಸು. ತಪ್ಪು ನಮ್ಮದಂತ ಬರೀ. ಇಬ್ಬರ ಹೆಸರೂ ಹಾಕು."

"ಹೂಂ ರೀ."

ಇನ್ನೊಮ್ಮೆ ಓದು ಎಂದರು. ಓದಿದೆ. ಆ ದೂರದವರು ಮಣ್ಣನ್ನು ಹೇಗೆ ಜರಡಿ ಹಿಡಿದರು, ನೀರನ್ನು ಎಷ್ಟು ಹೊತ್ತು ಅಲುಗಾಡಿಸಿದರು, ನಮ್ಮ ಕೋಷ್ಟಕದ ಯಾವ ಸಾಲಿನಲ್ಲಿ ಅವರಿಗೆ ಅನುಮಾನ ಬಂತು, ಎಲ್ಲವನ್ನೂ ಸರ್ ತಲೆಯಾಡಿಸುತ್ತ ಕೇಳಿದರು. ಮುಗಿದ ಮೇಲೆ ತಡಕಾಡಿ ನನ್ನ ಕೈ ಹಿಡಿದುಕೊಂಡರು.

"ಇಷ್ಟ ಮಂದಿ ನಮ್ಮ ಹೆಸರ ಹಾಕಿದ್ರು" ಎಂದರು. "ಓದಿದವರು ಇವರೊಬ್ಬರ ನೋಡು."