ಕೊರಮೀನಿನ ಮರಿಗಳನ್ನು ಕಾದ ಭಾನುವಾರ

ನಾನು ಸಿಂಧನೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಮಸ್ಕಿಯಲ್ಲಿ. ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಗೆಳೆಯ ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪಿನವನು. ಅವನ ಅಜ್ಜ ಬಂಗಾಳದಿಂದ ಬಂದು ಇಲ್ಲಿ ಭತ್ತ ಬೆಳೆದವರು. ಮೀನಿಲ್ಲದ ಊಟವನ್ನು ಅವರ ಮನೆಯಲ್ಲಿ ಊಟ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಳ ಹಾಕುವ ಹುಚ್ಚು ನನಗೆ ಹತ್ತಿದ್ದು ಅವನಿಂದಲೇ.

ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಒಂದೇ ಮೊಬೈಲಿನಲ್ಲಿ ಪರದೇಶದವರ ವಿಡಿಯೊ ನೋಡುತ್ತಿದ್ದೆವು. ಉದ್ದನೆಯ ಪ್ಲಾಸ್ಟಿಕ್ ದೋಣಿಯಲ್ಲಿ ಒಬ್ಬನೇ ಕೂತು, ಹಿಂದೆ ಒಂದು ಸಣ್ಣ ಎಲೆಕ್ಟ್ರಿಕ್ ಮೋಟಾರ್ ಹಾಕಿಕೊಂಡು, ಹೊಳೆಯ ದಂಡೆಗುಂಟ ಸದ್ದಿಲ್ಲದೆ ಹೋಗಿ ಬಾಸ್ ಎನ್ನುವ ಮೀನು ಹಿಡಿಯುವವರು ಅವರು. ಆ ಮೀನು ನಮ್ಮಲ್ಲಿಲ್ಲ. ಆದರೆ ಅದರಷ್ಟೇ ಸಿಟ್ಟಿನ, ಅದರಂತೆಯೇ ನೀರು ಸೀಳಿಕೊಂಡು ಬಂದು ಕಚ್ಚುವ ಕೊರಮೀನು ಇದೆ. ಇಬ್ಬರೂ ಕೂಡಿ ಎರಡು ಸೀಟಿನ ಒಂದು ಕಯಾಕ್ ತರಿಸಿದೆವು. ಆಮೇಲೆ ಮೋಟಾರ್ ಬಂತು. ಬ್ಯಾಟರಿಯನ್ನು ಲಿಂಗಸುಗೂರಿನ ಇನ್ವರ್ಟರ್ ಅಂಗಡಿಯಲ್ಲಿ ಕೊಂಡೆವು. ಮಸ್ಕಿ ಹಳ್ಳದ ಜಲಾಶಯದ ಪಕ್ಕದ ಹೊಲದವರು ತಮ್ಮ ಶೆಡ್ಡಿನಲ್ಲಿ ದೋಣಿ ಇಡಲು ಒಪ್ಪಿದರು.

ಮೋಟಾರ್ ಬಂದ ಮೇಲೆ ಆಟವೇ ಬೇರೆಯಾಯಿತು. ಹುಟ್ಟು ಹಾಕುವಾಗ ನೀರು ಬಡಿದ ಸದ್ದಿಗೆ ಮೀನು ದೂರ ಸರಿಯುತ್ತಿತ್ತು. ಈಗ ಹಿಡಿಕೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು, ನೀರಿನಲ್ಲಿ ಒತ್ತಾಗಿ ಬೆಳೆದ ಆಪುಹುಲ್ಲಿನ ಪಕ್ಕದಲ್ಲಿ, ಮುಳುಗಿದ ಜಾಲಿಗಿಡಗಳ ನಡುವೆ ದೋಣಿ ತಾನೇ ತೇಲಿ ಬಂದಂತೆ ಹೋಗುತ್ತಿತ್ತು.

ಹೋದ ಮಳೆಗಾಲದ ಒಂದು ಭಾನುವಾರ ಹಾಗೆ ಹೋಗುತ್ತಿರುವಾಗ ಮುಂದೆ ಕೂತಿದ್ದ ಗೆಳೆಯ ಕೈ ಎತ್ತಿದ. ನಾನು ಮೋಟಾರ್ ನಿಲ್ಲಿಸಿದೆ. ಜಾಲಿಗಿಡದ ಹತ್ತಿರ ಪರಾತದಷ್ಟು ಅಗಲದ ನೀರು ನುಚ್ಚು ಕುದ್ದಂತೆ ಕುದಿಯುತ್ತಿತ್ತು. ಕೆಂಪನೆಯ, ಬೆಂಕಿಕಡ್ಡಿಯಷ್ಟು ಉದ್ದದ ನೂರಾರು ಮರಿಗಳು ಉಸಿರಿಗೆಂದು ಒಟ್ಟಿಗೆ ಮೇಲೆ ಬಂದು ಒಟ್ಟಿಗೆ ಕೆಳಗೆ ಹೋಗುತ್ತಿದ್ದವು.

"ಕೊರಮೀನಿನ ಮರಿ," ಅಂದ ಅವನು ಮೆಲ್ಲಗೆ. "ಕೆಳಗ ದೊಡ್ಡದು ಕಾಯ್ಕೋತ ಇರ್ತದ. ಕಪ್ಪಿ ಒಗಿ."

ಕಪ್ಪೆಯೆಂದರೆ ರಬ್ಬರಿನದು, ಹೊಟ್ಟೆಯಲ್ಲಿ ಎರಡು ಗಾಳ ಇರುವಂಥದು. "ಮರಿ ಅದಾವಲ್ಲೋ," ಅಂದೆ.

"ಮರಿ ಅದಾವಂತನ ಕಚ್ತದ. ಹಸಿವಿಲ್ಲದಿದ್ರೂ ಕಚ್ತದ. ತನ್ನ ಮರಿ ಹತ್ರ ಏನ ಬಂದ್ರೂ ಬಿಡಂಗಿಲ್ಲ ಅದು."

ಅವನು ಹೇಳಿದ್ದು ನನಗೆ ಪೂರಾ ಅರ್ಥವಾಗಿತ್ತು. ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗಿಲ್ಲ. ಮನೆಯಲ್ಲಿ ಅವ್ವ ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಕೊರಮೀನು ತಿಂದರೆ ಹೊಲಿಗೆ ಬೇಗ ಮಾಯುತ್ತದೆ ಎಂದು ನೋಡಲು ಬಂದವರೆಲ್ಲ ಹೇಳಿ ಹೋಗಿದ್ದರು. ಅದನ್ನು ನೆನೆಸಿಕೊಂಡೇ ಕಪ್ಪೆ ಒಗೆದೆ ಎಂದರೆ ಸುಳ್ಳಾಗುತ್ತದೆ. ಒಗೆಯುವಾಗ ಅವ್ವ ನೆನಪಿಗೆ ಬರಲಿಲ್ಲ. ಕೈ ತಡೆಯಲಿಲ್ಲ, ಅಷ್ಟೇ.

ಕಪ್ಪೆ ಮರಿಗಳ ನಡುವೆಯೇ ಬಿತ್ತು. ಮರಿಗಳು ಚದುರಿದವು. ನೀರು ಒಮ್ಮೆಲೇ ಉಬ್ಬಿ ಒಡೆಯಿತು, ಗಾಳದ ರಾಡ್ ಬಾಗಿತು. ಗೆಳೆಯ ಜಾಲಿಯಿಂದ ದೂರ ಹೋಗಲು ಮೋಟಾರ್ ತಿರುಗಿಸು ಎನ್ನುತ್ತಿದ್ದ, ನಾನು ನಗುತ್ತಿದ್ದೆ. ಮೇಲೆ ತೆಗೆದಾಗ ಅದು ನನ್ನ ಮೊಣಕೈಯಿಂದ ಬೆರಳ ತುದಿವರೆಗೂ ಉದ್ದವಿತ್ತು. ದೋಣಿಯ ತಳದಲ್ಲಿ ಬಹಳ ಹೊತ್ತು ಉಸಿರಾಡುತ್ತಲೇ ಇತ್ತು. ಕೊರಮೀನು ಗಾಳಿ ಕುಡಿಯುವ ಮೀನು, ಬೇಗ ಸಾಯುವುದಿಲ್ಲ.

ನಾವು ಬೌದ್ಧರು. ಅವ್ವ ಓದಿದವಳಲ್ಲ. ಆದರೂ ಭಾನುವಾರ ಬೆಳಿಗ್ಗೆ ಪಂಚಶೀಲ ಹೇಳುವಾಗ ಮನೆಯಲ್ಲಿ ಮೊದಲ ದನಿ ಅವಳದೇ. ಜೀವ ತೆಗೆಯುವುದಿಲ್ಲ ಎನ್ನುವುದು ಅದರಲ್ಲಿ ಮೊದಲ ಮಾತು. ಆ ಭಾನುವಾರವೂ ಅವಳ ಮಂಚದ ಪಕ್ಕ ನಿಂತು ಅದನ್ನು ಹೇಳಿಯೇ ಜಲಾಶಯಕ್ಕೆ ಹೋಗಿದ್ದೆ. ಸಂಜೆ ನನ್ನ ಹೆಂಡತಿ ಸಾರು ಮಾಡಿದಳು. ಅವ್ವ ಎದ್ದು ಕೂತು, ಎಷ್ಟೋ ದಿನದ ಮೇಲೆ, ಎರಡನೇ ಸಲ ಅನ್ನ ಹಾಕಿಸಿಕೊಂಡಳು.

"ನೀ ಯಾಕ ಉಣವಲ್ಲಿ?" ಎಂದು ಕೇಳಿದಳು.

ಮುಚ್ಚಿಡುವಂಥದೇನೂ ಇರಲಿಲ್ಲ. ಮರಿಗಳ ವಿಷಯ ಹೇಳಿದೆ. ಅವಳು ಮುಳ್ಳು ಬಿಡಿಸುತ್ತಲೇ ಕೇಳಿದಳು.

"ತಿನ್ನಾಕ ತಂದಿ. ನಾ ತಿನ್ನಾಕತ್ತೀನಿ. ಅದಕ್ಕ ಯಾಕ ಮುಖ ಸಣ್ಣ ಮಾಡ್ಕೊಂಡು ಕೂಡ್ತಿ? ಮುಂದಿನ ವಾರನೂ ಇಂಥದ ತಾ."

ಯಾರೂ ನನ್ನನ್ನು ಬಯ್ಯಲಿಲ್ಲ. ಗೆಳೆಯ ತೆಗೆದ ಫೋಟೊವನ್ನು ಶಾಲೆಯಲ್ಲಿ ಎಲ್ಲರೂ ನೋಡಿ ಮೆಚ್ಚಿದರು. ಬಯ್ಯುವವರು ಒಬ್ಬರಾದರೂ ಇದ್ದಿದ್ದರೆ ಅವರೊಂದಿಗೆ ವಾದ ಮಾಡಿ ಹಗುರಾಗುತ್ತಿದ್ದೆನೋ ಏನೋ. ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ಆ ಕೆಂಪು ಮರಿಗಳು ಮೇಲೆ ಬಂದು ಕೆಳಗೆ ಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು. ಕಾಯುವ ಮೀನಿಲ್ಲದಿದ್ದರೆ ನೀರುಕಾಗೆಗಳು ಅವನ್ನು ಉಳಿಸುವುದಿಲ್ಲ ಎಂದು ಎಲ್ಲೋ ಓದಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

ಮುಂದಿನ ಭಾನುವಾರ ಗೆಳೆಯ ಕ್ಯಾಂಪಿನಲ್ಲಿ ಯಾರದೋ ಮದುವೆಗೆ ಹೋಗಬೇಕಿತ್ತು. ಒಬ್ಬನೇ ಹೋದೆ. ರಾಡನ್ನು ಮನೆಯಲ್ಲೇ ಬಿಟ್ಟಿದ್ದೆ. ಅವ್ವ ಮೀನಿಗೆ ಹೊರಟಿದ್ದೇನೆ ಎಂದುಕೊಂಡಳು, ಹಾಗೆಯೇ ಅಂದುಕೊಳ್ಳಲಿ ಎಂದು ನಾನೂ ತಿದ್ದಲಿಲ್ಲ. ಮರಿಗಳು ಅದೇ ಜಾಲಿಗಿಡದ ಹತ್ತಿರ ಇದ್ದವು. ಹೋದ ವಾರ ಪರಾತದಷ್ಟಿದ್ದದ್ದು ಈಗ ಊಟದ ತಟ್ಟೆಯಷ್ಟಾಗಿತ್ತು. ಒಣಗಿದ ಕೊಂಬೆಯ ಮೇಲೆ ಮೂರು ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಮೋಟಾರನ್ನು ಅತಿ ನಿಧಾನಕ್ಕಿಟ್ಟು ಮರಿಗಳ ಸುತ್ತ ಸುತ್ತತೊಡಗಿದೆ. ನೀರುಕಾಗೆ ಇಳಿದರೆ ಹುಟ್ಟಿನಿಂದ ನೀರು ಬಡಿದು ಓಡಿಸುತ್ತಿದ್ದೆ. ಅದು ಹಾರಿ ಹೋಗಿ ಮತ್ತೆ ಕೊಂಬೆಗೆ ಬರುತ್ತಿತ್ತು. ಮರಿಗಳು ಸರಿದತ್ತ ನಾನೂ ಸರಿಯುತ್ತಿದ್ದೆ. ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕ ಕೂಗಿ ಕೇಳಿದ.

"ಏನ ಕಳ್ಕೊಂಡೀರಿ, ಸರ?"

"ಏನಿಲ್ರಿ, ಸುಮ್ಮನ," ಅಂದೆ.

ಬಿಸಿಲೇರಿತು. ತಂದ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಒಂದು ರೀತಿಯ ಸಮಾಧಾನ ಆಗತೊಡಗಿತ್ತು, ಏನೋ ತೀರಿಸುತ್ತಿದ್ದೇನೆ ಎನ್ನುವಂತೆ. ಹಾಗಿರುವಾಗ ಮೋಟಾರಿನ ದನಿ ಕುಗ್ಗಿ, ನೀರೊಳಗೆ ತಿರುಗುತ್ತಿದ್ದ ಅದರ ರೆಕ್ಕೆ ನಿಂತುಹೋಯಿತು. ಬ್ಯಾಟರಿ ಮುಗಿದಿತ್ತು. ಹುಟ್ಟು ಕೈಯಲ್ಲಿದ್ದರೂ ತೋಳು ಸೋತಿದ್ದವು. ದೋಣಿ ಆಪಿಗೆ ಒರಗಿ ನಿಂತಿತು, ನಾನು ಅಲುಗದೆ ಕೂತೆ.

ಸ್ವಲ್ಪ ಹೊತ್ತಿನಲ್ಲಿ ಮರಿಗಳ ಕೆಳಗಿನ ನೀರು ಕಪ್ಪಾಯಿತು. ದೊಡ್ಡ ಮೀನೊಂದು ನಿಧಾನಕ್ಕೆ ಮೇಲೆ ಬಂದು, ಬಾಯಿ ತೆರೆದು ಗಾಳಿ ಕುಡಿದು, ಮರಿಗಳ ಕೆಳಗೆ ಹೋಗಿ ನಿಂತಿತು. ಮರಿಗಳು ಅದರ ತಲೆಯ ಮೇಲೆ ಒತ್ತಾಗಿ ಕೂಡಿಕೊಂಡವು. ಆಗ ಒಂದು ನೀರುಕಾಗೆ ಮುಳುಗಿ ಹತ್ತಿರ ಬಂದಿರಬೇಕು. ನೀರು ದಬ್ಬನೆ ಒಡೆದ ಸದ್ದಾಯಿತು. ಹಕ್ಕಿ ದೂರದಲ್ಲಿ ಎದ್ದು, ಮೈ ಕೊಡವಿಕೊಂಡು ಬೇರೆ ಕಡೆ ಈಜಿ ಹೋಯಿತು.

ಕೊರಮೀನಿನ ಮರಿಗಳನ್ನು ಗಂಡು ಹೆಣ್ಣು ಎರಡೂ ಕೂಡಿ ಕಾಯುತ್ತವೆ. ಒಂದನ್ನು ನಾನು ಹೋದ ವಾರ ಒಯ್ದಿದ್ದೆ. ಎರಡನೆಯದು ಇಷ್ಟು ಹೊತ್ತೂ ಅಲ್ಲೇ ಎಲ್ಲೋ ಆಪಿನಲ್ಲಿ ಕಾಯುತ್ತಿತ್ತು. ಬೆಳಿಗ್ಗೆಯಿಂದ ಅದನ್ನು ಹತ್ತಿರ ಬರಗೊಡದೆ ತಡೆದವನು ನಾನು.

ದೋಣಿಯನ್ನು ಕೈಯಿಂದ ಆಪು ಹಿಡಿದು ಹಿಂದಕ್ಕೆ ಜಗ್ಗಿಕೊಂಡು, ದೂರ ಹೋದ ಮೇಲೆ ಹುಟ್ಟು ಹಾಕಿದೆ. ಎದುರುಗಾಳಿ. ಶೆಡ್ಡು ಮುಟ್ಟುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಬರಿಗೈಯಲ್ಲಿ ಬಂದದ್ದನ್ನು ನೋಡಿ ಅವ್ವ ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ.

"ಕಾಯಾಕಂತ ಹೋಗಿ ಕಾಯೋದನ್ನ ಓಡಿಸಿ ಬಂದಿ ಹಂಗಾರ," ಎಂದು ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು, "ನಗಿಸಬ್ಯಾಡಪ್ಪ, ಹೊಲಿಗಿ ಜಗ್ತಾವ," ಅಂದಳು. ನಗು ನಿಂತ ಮೇಲೆ ನನ್ನ ಅಂಗೈ ನೋಡಿ ಕೊಬ್ಬರಿ ಎಣ್ಣೆ ತರಲು ಹೇಳಿದಳು. ಮತ್ತೆ ಮೀನಿನ ಮಾತು ಎತ್ತಲಿಲ್ಲ.

ಸೋಮವಾರ ಗೆಳೆಯನಿಗೆ, ಮಳೆಗಾಲ ಮುಗಿಯುವ ತನಕ ನಾನು ಬರುವುದಿಲ್ಲ ಅಂದೆ.

"ಮಳೆಗಾಲ ಬಿಟ್ರ ಮತ್ತ್ಯಾವಾಗ ಸಿಗ್ತಾವ?" ಅಂದ. ಆಮೇಲೆ, "ಆತು, ಮರಿ ಇದ್ದಲ್ಲಿ ನಾನೂ ಒಗಿಯಂಗಿಲ್ಲ," ಅಂದ. ಬೇಸರದಿಂದಲೇ ಅಂದ, ಆದರೆ ಅಂದಂತೆ ನಡೆದುಕೊಂಡ.

ಆ ಮರಿಗಳು ಏನಾದವೋ ಗೊತ್ತಿಲ್ಲ. ಬೆಳೆದರೆ ಕೆಂಪು ಹೋಗಿ ಕಪ್ಪಾಗಿ, ಒಂದೊಂದೂ ಒಂದೊಂದು ಕಡೆ ಹೋಗುತ್ತವೆ. ದೀಪಾವಳಿಯ ನಂತರ ಮತ್ತೆ ನೀರಿಗಿಳಿದೆವು. ಕಾಲುವೆ ಬಾಯಿಯ ಹತ್ತಿರ ಒಂದು ದೊಡ್ಡ ಕೊರಮೀನು ಕಚ್ಚಿತು. ರಾಡ್ ಬಾಗಿದಾಗ ಎದೆ ಮೊದಲಿನಂತೆಯೇ ಹಾರಿತು, ನಗುವೂ ಮೊದಲಿನಂತೆಯೇ ಬಂತು. ಇನ್ನಾದರೂ ಆ ಖುಷಿ ಸ್ವಲ್ಪ ಕಡಿಮೆಯಾಗಿರುತ್ತದೆ ಎಂದುಕೊಂಡಿದ್ದೆ. ಆಗಿರಲಿಲ್ಲ.